ಬಾಣಂತಿ ಓದಬಾರದಂತೆ

ಬಾಣಂತಿ ಪುಸ್ತಕ ಮುಟ್ಟಬಾರದು ಎಂಬ ಕಾಯಿದೆಯನ್ನು ಯಾವ ಪುಣ್ಯಾತ್ಮ ಮಾಡಿಟ್ಟನೋ ತಿಳಿಯದು. ಕೈಗೆ ಸಿಕ್ಕಿದ್ದರೆ ಅನುಪಮಾ ಅವನನ್ನು ನಿಲ್ಲಿಸಿ ನಾಲ್ಕು ಮಾತು ಕೇಳದೆ ಬಿಡುತ್ತಿರಲಿಲ್ಲ. ಅವಳು ಹೆತ್ತು ಐದು ವಾರವಾಗಿತ್ತು. ತವರಿನಲ್ಲಿ ಅಮ್ಮನಿಗೆ ಮಂಡಿ ಆಪರೇಷನ್ ಆಗಿದ್ದರಿಂದ ಈ ಎರಡನೇ ಬಾಣಂತನ ಗಂಡನ ಮನೆಯಲ್ಲೇ ನಡೆಯುತ್ತಿತ್ತು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೂರು ಹೊತ್ತೂ ಮೆಣಸು ಬೆಳ್ಳುಳ್ಳಿಯ ಸಾರು, ಎಲ್ಲವನ್ನೂ ಅವಳು ತುಟಿಪಿಟಕ್ಕೆನ್ನದೆ ಒಪ್ಪಿಕೊಂಡಿದ್ದಳು. ಅತ್ತೆ ಸುಮಿತ್ರಮ್ಮ ಆರೈಕೆಯಲ್ಲಿ ಒಂದು ಕುಂದನ್ನೂ ಮಾಡಿರಲಿಲ್ಲ. ಮಾಡಿದ್ದಾರೆ ಎಂದರೆ ಬಾಯಿಗೆ ಹುಳ ಬೀಳುತ್ತದೆ. ಆದರೆ ಕಣ್ಣಿನ ವಿಷಯಕ್ಕೆ ಬಂದಾಗ ಮಾತ್ರ ಅನುಪಮಾಳ ಮೈಯೆಲ್ಲ ಉರಿಯುತ್ತಿತ್ತು.

"ಮೂರು ತಿಂಗಳು ಅಕ್ಷರ ನೋಡಂಗಿಲ್ಲ ಕಣವ್ವ. ಬಾಣಂತಿ ಕಣ್ಣು ಹಸೀ ಕಣ್ಣು. ಈಗ ಸೋತ್ರೆ ಮುದುಕಿ ಆಗೋಗಂಟ ಸೋತಂಗೇ" ಎನ್ನುತ್ತಿದ್ದರು ಸುಮಿತ್ರಮ್ಮ.

ಅದೇ ಸುಮಿತ್ರಮ್ಮ ಬೆಳಿಗ್ಗೆ ಮೊರದ ತುಂಬ ಅಕ್ಕಿ ತಂದು ಮಂಚದ ಮೇಲಿಟ್ಟು, "ಸುಮ್ನೆ ಕೂತಿರ್ತೀಯಲ್ಲ, ಕಲ್ಲು ಆರಿಸಿಡು" ಅನ್ನುತ್ತಿದ್ದರು. ಅಕ್ಕಿಯೊಳಗಿನ ಬಿಳಿಕಲ್ಲು ಹುಡುಕಲು ಕಣ್ಣು ಬೇಡವೇ? ಅದನ್ನೇನು ಮೂಗಿನಿಂದ ಆರಿಸುತ್ತಾರೆಯೇ? ಅರಕಲಗೂಡಿನ ಕಡೆಯ ನೆಂಟರು ವಿಡಿಯೊ ಕಾಲ್ ಮಾಡಿದರೆ ಅರ್ಧರ್ಧ ಗಂಟೆ ಫೋನ್ ಹಿಡಿದು ಮಗುವಿನ ಮೂಗು ಯಾರದು, ಹಣೆ ಯಾರದು ಎಂದು ತೋರಿಸಬೇಕು. ಆಗಲೂ ಕಣ್ಣಿಗೆ ಏನೂ ಆಗುವುದಿಲ್ಲ. ಮಗಳ ಪಠ್ಯಪುಸ್ತಕದ ದಪ್ಪ ಅಕ್ಷರ ನೋಡಿದರೆ ಮಾತ್ರ ಕಣ್ಣು ಸೋಲುತ್ತದೆ. ಎಂಥ ಜಾಣ ಕಣ್ಣಪ್ಪ ಇದು, ಮನೆಯವರಿಗೆ ಬೇಕಾದ ಕೆಲಸ ಯಾವುದು, ಬೇಡದ್ದು ಯಾವುದು ಎಂದು ತಾನೇ ತಿಳಿದುಕೊಂಡುಬಿಟ್ಟಿದೆ ಎಂದು ಅನುಪಮಾ ಮೊರ ಕೇರುತ್ತ ಗೊಣಗುತ್ತಿದ್ದಳು.

ಮಗಳಿಗೆ ಹೇಳಿಕೊಡುವ ಪಾಠವನ್ನು ಬಿಟ್ಟರೆ ಬಿಡಬಹುದಿತ್ತು, ಅದು ಅಂಥಿಂಥ ಪಾಠವಾಗಿದ್ದರೆ. ಮಗಳು ಚಂದನಾಳಿಗೆ ಒಂಬತ್ತು ವರ್ಷ. ಮೂರನೇ ತರಗತಿಯಲ್ಲಿದ್ದಾಗ, ಓದು ನಿಧಾನ ಎಂದು ಟೀಚರ್ ದಿನವೂ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ ಓದಿಸುತ್ತಿದ್ದರು. ಅವಳು ಒಂದು ಪದಕ್ಕೆ ಸಿಕ್ಕಿಕೊಂಡರೆ ತರಗತಿಯೇ ನಗುತ್ತಿತ್ತು. ನಗಬೇಡಿ ಎಂದು ಗದರಬೇಕಾದವರು ತಾವೂ ಮುಸಿಮುಸಿ ನಗುತ್ತಿದ್ದರು. ಆಮೇಲಾಮೇಲೆ ಬೆಳಿಗ್ಗೆ ಶಾಲೆಯ ವ್ಯಾನಿನ ಸದ್ದು ಕೇಳಿದರೆ ಸಾಕು, ಹುಡುಗಿ ತಿಂದದ್ದನ್ನೆಲ್ಲ ಕಕ್ಕಿಬಿಡುತ್ತಿದ್ದಳು. ಕಕ್ಕಿದ್ದನ್ನು ಒರೆಸಿ, ಯೂನಿಫಾರ್ಮ್ ಬದಲಿಸಿ, ಮತ್ತೆ ಅದೇ ವ್ಯಾನು ಹತ್ತಿಸುವ ಕೆಲಸವನ್ನು ಅನುಪಮಾ ಒಂದು ತಿಂಗಳು ಮಾಡಿದಳು. ಆ ತಿಂಗಳನ್ನು ನೆನೆದರೆ ಅವಳಿಗೆ ಟೀಚರ್ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಸಿಟ್ಟೇ ದೊಡ್ಡದು.

ದಸರಾ ರಜೆ ಮುಗಿದಾಗ ಅವಳು ಮಗಳನ್ನು ಕಳಿಸಲಿಲ್ಲ. "ನಾನು ಡಿ.ಎಡ್. ಮಾಡಿದ್ದು ಸರ್ಟಿಫಿಕೇಟನ್ನ ಗೋಡೆಗೆ ನೇತುಹಾಕೋಕಲ್ಲ. ನಾನೇ ಕಲಿಸ್ತೀನಿ" ಎಂದಳು. ಗಂಡ ಮಹೇಶ್ ಆಗ ಬೇಡವೆನ್ನಲಿಲ್ಲ. ಸರಿ ಎಂದೂ ಅನ್ನಲಿಲ್ಲ. ಅವನು ಸುಂಟಿಕೊಪ್ಪದ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆರಕ್ಕೆ ಬೈಕು ಹತ್ತಿ ಹೋಗಿ ಕೆಲಸಕ್ಕೆ ಬಂದವರ ಹಾಜರಿ ಬರೆದರೆ ಅವನ ದಿನ ಶುರುವಾಗುತ್ತಿತ್ತು. ಮನೆಯ ತಾಪತ್ರಯ ಅವನ ಕಿವಿಗೆ ಬೀಳುವಷ್ಟರಲ್ಲಿ ಅವನಿಗೆ ನಿದ್ದೆ ಬಂದಿರುತ್ತಿತ್ತು.

ಅಂದಿನಿಂದ ಚಂದನಾಳ ಶಾಲೆ ಮನೆಯ ಹಿತ್ತಿಲಿಗೆ, ಜಗಲಿಗೆ, ಕುಶಾಲನಗರದ ಬಸ್ ಸ್ಟ್ಯಾಂಡಿಗೆ ಬಂತು. ಗೊಬ್ಬರದ ಚೀಲದ ಮೇಲಿನ ಅಕ್ಷರವೇ ಕನ್ನಡ ಪಾಠ, ಶುಂಠಿ ಮಡಿಗಳೇ ಮಗ್ಗಿ. ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋದರೆ ಅಮ್ಮ ಮಗಳು ಇಬ್ಬರೂ ಮುಂದಿನ ಬಸ್ಸಿಗೆ ಕಾಯುತ್ತಿದ್ದರು. ಅಕ್ಕಪಕ್ಕದವರು "ಶಾಲೆ ಬಿಡಿಸಿದ್ದೀರಂತೆ" ಎಂದು ದನಿ ತಗ್ಗಿಸಿ ಕೇಳುತ್ತಿದ್ದರು, ಮನೆಯಲ್ಲೇನೋ ಕಳ್ಳಭಟ್ಟಿ ಇಳಿಸುತ್ತಿರುವ ಹಾಗೆ. ಅನುಪಮಾ ದನಿ ಏರಿಸಿಯೇ ಉತ್ತರ ಕೊಡುತ್ತಿದ್ದಳು. ಎಂಟು ತಿಂಗಳಲ್ಲಿ ಹುಡುಗಿ ಪೇಪರಿನ ಅರ್ಧ ಪುಟ ಓದುವ ಮಟ್ಟಕ್ಕೆ ಬಂದಿದ್ದಳು. ನಿಧಾನ ಎಂಬುದೇನೋ ನಿಜ. ಆದರೆ ಅರ್ಧಕ್ಕೆ ಬಿಡುತ್ತಿರಲಿಲ್ಲ. ಬೆಳಿಗ್ಗೆ ಕಕ್ಕುವುದಂತೂ ಪೂರ್ತಿ ನಿಂತಿತ್ತು.

ಹೆರಿಗೆಯಾಗಿ ಹದಿನೈದು ದಿನಕ್ಕೆ ಅನುಪಮಾ ಕದ್ದು ಪಾಠ ಶುರುಮಾಡಿದ್ದಳು. ಪಾಪು ಹಾಲು ಕುಡಿಯುತ್ತ ಮಲಗಿದ್ದಾಗ ಚಂದನಾ ಮಂಚದ ಪಕ್ಕ ಕೂತು ಪಿಸುದನಿಯಲ್ಲಿ ಓದುವುದು, ತಾಯಿ ದಿಂಬಿನಡಿಯಿಂದ ಇನ್ನೊಂದು ಪುಸ್ತಕ ತೆಗೆದು ನೋಡಿಕೊಳ್ಳುವುದು. ಇದು ಮೂರು ವಾರ ನಡೆಯಿತು. ಮಗುವಿಗೆ ನೀರು ಹಾಕಲು ಬರುತ್ತಿದ್ದ ಬೊಳ್ಳಮ್ಮ ಹಾಸಿಗೆ ಕೊಡವುವಾಗ ಪುಸ್ತಕ ನೆಲಕ್ಕೆ ಬಿತ್ತು. ಬೊಳ್ಳಮ್ಮನ ಕೈ ಎಷ್ಟು ಮೃದುವೋ ಬಾಯಿ ಅಷ್ಟೇ ದೊಡ್ಡದು. ಐದು ನಿಮಿಷದಲ್ಲಿ ಸುದ್ದಿ ಅಡುಗೆಮನೆ ಮುಟ್ಟಿತು.

ಸುಮಿತ್ರಮ್ಮ ಬೈಯಲಿಲ್ಲ, ಕೂಗಾಡಲಿಲ್ಲ. ಪುಸ್ತಕಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸಿದರು. ಎರಡು ದಿನ ಬಿಟ್ಟು ಸಾರಿನ ಬಟ್ಟಲು ಹಿಡಿದು ಬಂದು ಮಂಚದ ಅಂಚಿಗೆ ಕೂತು ಹೇಳಿದರು. "ನೋಡವ್ವ, ಬಾಣಂತಿ ಪಾಠ ಹೇಳಂಗಿಲ್ಲ. ಪಾಠ ಇಲ್ದೆ ಹುಡುಗಿ ಹಾಳಾಯ್ತಾಳೆ. ಅವಳ ಸ್ಕೂಲು ಶುರುವಾಗಿದೆ. ಸೋಮವಾರದಿಂದ ಹೋಗ್ಲಿ ಅಂತ ಮಹೇಶಂಗೆ ಹೇಳಿದೀನಿ, ಅವನು ಹೋಗಿ ಮಾತಾಡ್ಕೊಂಡು ಬಂದವ್ನೆ."

ಅನುಪಮಾ ಸಾರಿನ ಬಟ್ಟಲನ್ನು ದೂರ ಸರಿಸಿದಳು. ಪಾಠ ನಿಲ್ಲಿಸಿದವರು ಇವರು, ಪಾಠ ನಿಂತುಹೋಗಿದೆ ಎಂದು ಮರುಗುವವರೂ ಇವರೇ. ಐದು ವಾರದಿಂದ ಬಿಸಿನೀರು ಹೊಯ್ದು, ಕೆಂಡದ ಹೊಗೆ ಹಾಕಿ, ಬೆನ್ನು ಒತ್ತಿ ಸಲಹಿದ್ದೆಲ್ಲ ಇದಕ್ಕೋ ಎಂದು ಒಂದು ಕ್ಷಣ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ನಾಚಿಕೆಯಾಯಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ಬಾಗಿಲ ಹತ್ತಿರ ನಿಂತಿದ್ದ ಚಂದನಾಳಿಗೆ ಎಲ್ಲ ಕೇಳಿಸಿತ್ತು. ಅವಳು ಆ ರಾತ್ರಿ ಊಟ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ಮಹೇಶ್ ಒಂದು ಹಾಳೆ, ಒಂದು ಪೆನ್ನು ಹಿಡಿದು ಬಾಣಂತಿ ಕೋಣೆಗೆ ಬಂದ. ಬೊಳ್ಳಮ್ಮ ಆಗಷ್ಟೇ ಪಾಪುವಿಗೆ ನೀರು ಹಾಕಿ, ಬಟ್ಟೆ ಸುತ್ತಿ ತಂದಿದ್ದಳು. ಸುಮಿತ್ರಮ್ಮ ಹೊಗೆ ಹಾಕಲು ಕೆಂಡ ತಂದಿದ್ದರು.

"ಶಾಲೆ ಫಾರಂ. ಅಪ್ಪ ಅಮ್ಮ ಇಬ್ಬರ ಸಹಿನೂ ಬೇಕಂತೆ. ನಂದು ಆಗಿದೆ. ಇಲ್ಲೊಂದು ಸಹಿ ಹಾಕು ಅನು" ಎಂದ ಮಹೇಶ್.

"ಓದದೆ ನಾನು ಯಾವುದಕ್ಕೂ ಸಹಿ ಹಾಕಲ್ಲ" ಎಂದಳು ಅನುಪಮಾ.

"ಸರಿ, ಓದಿ ಹಾಕು."

"ಓದೋ ಹಾಗಿಲ್ವಲ್ಲ. ಬಾಣಂತಿ."

ಬೊಳ್ಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸುಮಿತ್ರಮ್ಮ ಕೆಂಡದ ಮೇಲಿಂದ ಮುಖ ಎತ್ತಿದರು. "ಸಹಿ ಅಂದ್ರೇನು, ಎರಡು ಅಕ್ಷರ ಗೀಚಿದ್ರಾಯ್ತು. ಅದಕ್ಕೇನು ಕಣ್ಣು ಹೋಯ್ತದಾ?"

"ಅಕ್ಷರ ನೋಡಬೇಡ ಅಂದೋರು ನೀವೇ ಅತ್ತೆ. ಎರಡು ನೋಡಬಹುದು, ಇಪ್ಪತ್ತು ನೋಡಬಾರದು ಅಂತ ನೀವು ಹೇಳಲಿಲ್ಲ."

ಸುಮಿತ್ರಮ್ಮ ಮಗನ ಕಡೆ ತಿರುಗಿ, ನೀನೇ ಓದಿ ಹೇಳು ಎಂದರು. ಮಹೇಶ್ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, "ಎಲ್ಲ ಮಾಮೂಲಿ ಇರೋದೇ ಅಮ್ಮ, ಅದನ್ನೇನು ಓದೋದು" ಎಂದ.

ಅನುಪಮಾಳಿಗೆ ಆಗ ಒಂದು ಹುಕ್ಕಿ ಬಂತು. ಎಂಟು ತಿಂಗಳು ತಾನು ಪಟ್ಟ ಪಾಡು ಏನಾಯಿತು ಎಂದು ಇವರೆಲ್ಲ ಒಮ್ಮೆ ಕಿವಿಯಾರೆ ಕೇಳಲಿ ಅನ್ನಿಸಿತು. "ಚಂದನಾ ಓದಲಿ" ಎಂದಳು. "ಓದೋಕೆ ಬರಲ್ಲ ಅಂತ ತಾನೆ ಕಳಿಸ್ತಿರೋದು? ಓದಲಿ, ಎಲ್ಲರೂ ಕೇಳೋಣ. ಬಾ ಮಗಳೇ, ಇಲ್ಲಿ ನಿಂತ್ಕೊ."

ಚಂದನಾ ಹಾಳೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ನಿಂತಳು. ಪೋಷಕರಿಗೆ ತಿಳಿಯಲೆಂದು ಫಾರಮ್ಮನ್ನು ಕನ್ನಡದಲ್ಲೇ ಅಚ್ಚು ಹಾಕಿಸಿದ್ದರು. ತನ್ನ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ, ಊರು ಎಲ್ಲ ಓದಿದಳು. ಒಂದೊಂದು ಪದಕ್ಕೂ ಬೆರಳಿಡುತ್ತ, ಉಸಿರು ತೆಗೆದುಕೊಳ್ಳುತ್ತ ಓದಿದಳು. ಸುಮಿತ್ರಮ್ಮನಿಗೆ ಅಕ್ಷರ ಬಾರದು. ಮೊಮ್ಮಗಳು ಇಷ್ಟು ಓದುತ್ತಾಳೆ ಎಂದು ಅವರಿಗೆ ಗೊತ್ತಿರಲಿಲ್ಲ. ಕೆಂಡ ಊದುವುದನ್ನು ಮರೆತು ಅವರು ಬಾಯಿ ತೆರೆದು ಕೇಳುತ್ತಿದ್ದರು. ಅನುಪಮಾ ಬೀಗಿದಳು. ಅಷ್ಟರ ಮಟ್ಟಿಗೆ ಅವಳೂ ಒಬ್ಬ ಮೇಷ್ಟರೇ.

"ಸದರಿ... ವಿದ್ಯಾರ್ಥಿನಿಯು... ಕಲಿಕೆಯಲ್ಲಿ..." ಎಂದು ಹೇಳಿ ಚಂದನಾ ನಿಂತಳು.

"ಬಿಡಿಸಿಕೊಂಡು ಓದು. ಬರುತ್ತೆ" ಎಂದಳು ಅನುಪಮಾ.

"ಮಂ... ದ... ಗತಿ. ಮಂದಗತಿಯವಳಾಗಿರುವ... ಕಾರಣ... ಅವಳನ್ನು ಎರಡನೇ ತರಗತಿಗೆ... ಸೇರಿಸಿಕೊಂಡು... ಪ್ರತ್ಯೇಕವಾಗಿ... ಕೂರಿಸಲು..."

ಅನುಪಮಾಳಿಗೆ ಸಾಕು ಎನ್ನಬೇಕೆನ್ನಿಸಿತು. ಆದರೆ ಒಂದು ವಾಕ್ಯವನ್ನು ಅರ್ಧಕ್ಕೆ ಬಿಡಬಾರದು ಎಂದು ಎಂಟು ತಿಂಗಳು ಹೇಳಿಕೊಟ್ಟವಳು ಅವಳೇ. ಹುಡುಗಿ ಅರ್ಧಕ್ಕೆ ಬಿಡಲಿಲ್ಲ.

"ನಮ್ಮ ಆಕ್ಷೇಪಣೆ... ಇರುವುದಿಲ್ಲ. ಇದನ್ನು ಓದಿ... ತಿಳಿದು... ಒಪ್ಪಿ... ಸಹಿ ಮಾಡಿರುತ್ತೇವೆ." ಚಂದನಾ ಹಾಳೆ ಇಳಿಸಿದಳು. "ಅಮ್ಮ, ಸದರಿ ವಿದ್ಯಾರ್ಥಿನಿ ಅಂದ್ರೆ ನಾನಾ?"

ತನ್ನ ಜಾಣತನವನ್ನು ಮೆರೆಸಲು ಹೋಗಿ ಅನುಪಮಾ ತನ್ನ ಕೂಸಿನ ಬಾಯಿಂದಲೇ ಅವಳ ಅವಮಾನವನ್ನು ಓದಿಸಿದ್ದಳು. ಟೀಚರ್ ಬೆಂಚಿನ ಮೇಲೆ ನಿಲ್ಲಿಸಿದ್ದಕ್ಕೂ ತಾನು ಕಿಟಕಿಯ ಹತ್ತಿರ ನಿಲ್ಲಿಸಿದ್ದಕ್ಕೂ ಏನು ವ್ಯತ್ಯಾಸ ಎಂದು ತನ್ನನ್ನೇ ಕೇಳಿಕೊಂಡಳು. ಅವಳು ಮಗಳನ್ನು ಹತ್ತಿರ ಎಳೆದುಕೊಂಡು ತಲೆ ಸವರಿದಳು.

ಮೊದಲು ಬಾಯಿ ಬಂದದ್ದು ಸುಮಿತ್ರಮ್ಮನಿಗೆ. "ಎರಡನೇ ಕ್ಲಾಸಾ? ನಾಲ್ಕಕ್ಕೆ ಅಂತ ತಾನೆ ನೀನು ನಂಗೆ ಹೇಳಿದ್ದು? ಚಿಕ್ಕ ಮಕ್ಕಳ ಜೊತೆ, ಅದೂ ಬೇರೆ ಕೂರಿಸ್ತಾರಂತಾ? ಇದಕ್ಕಾ ನೀನು ಸಹಿ ಹಾಕಿದ್ದು?"

"ನಂಗೂ ಗೊತ್ತಿರಲಿಲ್ಲಮ್ಮ" ಎಂದ ಮಹೇಶ್. "ಸ್ಕೂಲ್ ಆಫೀಸಲ್ಲಿ ಇಲ್ಲಿ ಹಾಕಿ ಅಂದ್ರು, ಹಾಕ್ದೆ. ಕೆಲಸಕ್ಕೆ ವಾಪಸ್ ಹೋಗೋಕೆ ಹೊತ್ತಾಗಿತ್ತು." ಸ್ವಲ್ಪ ತಡೆದು, "ಒಂದು ವರ್ಷ ತಾನೆ. ಆಮೇಲೆ ಎಲ್ಲ ಸರಿಹೋಗ್ತದೆ" ಎಂದೂ ಸೇರಿಸಿದ.

ಆ ಕೊನೆಯ ಮಾತು ಆಡದಿದ್ದರೆ ಅನುಪಮಾ ಅವನನ್ನು ಅಲ್ಲಿಗೇ ಬಿಡುತ್ತಿದ್ದಳೇನೋ. "ಎಸ್ಟೇಟಲ್ಲಿ ಒಬ್ಬರ ಹಾಜರಿ ತಪ್ಪಿದೆ ಅಂದ್ರೆ ಪುಸ್ತಕ ಮೂರು ಸಲ ತಿರುವಿ ಹಾಕೋರು ನೀವು" ಎಂದಳು. ದನಿ ಏರಲಿಲ್ಲ. "ಮಗಳ ಹಾಳೆ ಒಂದ್ಸಲ ಓದೋಕೆ ಹೊತ್ತಿರಲಿಲ್ಲ. ನಂಗೆ ಓದೋ ಹಾಗಿಲ್ಲ. ಅತ್ತೆಗೆ ಓದೋಕೆ ಬರಲ್ಲ. ಈ ಮನೇಲಿ ಓದೋಕೆ ಬರೋ, ಓದಬಹುದಾದ ದೊಡ್ಡೋರು ನೀವೊಬ್ರೇ ಇದ್ದದ್ದು. ಈಗ ಓದಿ. ಒಂದು ವರ್ಷ ತಾನೆ ಅಂದ್ರಲ್ಲ, ಅವಳ ಮುಖ ನೋಡ್ಕೊಂಡು ಓದಿ."

"ಬಿಡು ಅನು, ಎಲ್ಲರ ಮುಂದೆ..."

"ಅವಳು ಎಲ್ಲರ ಮುಂದೆ ಓದಲಿಲ್ವಾ?"

ಸುಮಿತ್ರಮ್ಮ ಮಗನ ಪರ ಬರಲಿಲ್ಲ. "ಓದು" ಎಂದರು ಅವರೂ. ಮಹೇಶ್ ಮಗಳ ಕೈಯಿಂದ ಹಾಳೆ ತೆಗೆದುಕೊಂಡ. ಗಂಟಲು ಸರಿಮಾಡಿಕೊಂಡು, "ಸದರಿ ವಿದ್ಯಾರ್ಥಿನಿಯು ಕಲಿಕೆಯಲ್ಲಿ" ಎಂದವನು ಅಲ್ಲಿಗೆ ನಿಂತ. ಇನ್ನೊಮ್ಮೆ ಮೊದಲಿಂದ ಶುರುಮಾಡಿ ಮತ್ತೆ ಅಲ್ಲಿಗೇ ಬಂದು ನಿಂತ. ಮುಂದಿನ ಪದ ಅವನ ಬಾಯಿಂದ ಬರಲೊಲ್ಲದು. ಬೊಳ್ಳಮ್ಮ ಪಾಪುವನ್ನು ಎತ್ತಿಕೊಂಡು ನೆಲ ನೋಡುತ್ತಿದ್ದಳು.

ಚಂದನಾ ತಾಯಿಯ ಕೈ ಬಿಡಿಸಿಕೊಂಡು ಅಪ್ಪನ ಪಕ್ಕಕ್ಕೆ ಹೋದಳು. ಆ ಪದ ಅಪ್ಪನಿಗೂ ಕಷ್ಟವಾಗಿದೆ ಎಂದುಕೊಂಡಳೋ ಏನೋ, ಅದರ ಕೆಳಗೆ ಬೆರಳಿಟ್ಟಳು.

"ಮಂದಗತಿ" ಎಂದು ಮೆಲ್ಲಗೆ ಹೇಳಿಕೊಟ್ಟಳು. "ನಿಧಾನಕ್ಕೆ ಓದಪ್ಪ. ಇಲ್ಲಿ ಯಾರೂ ನಗಲ್ಲ."

ಮಹೇಶ್ ಓದಲಿಲ್ಲ. ಹೆಂಡತಿಗೆಂದು ತಂದಿದ್ದ ಪೆನ್ನಿನಿಂದ ತನ್ನ ಸಹಿಯ ಮೇಲೆ ಅಡ್ಡಗೆರೆ ಎಳೆದ.