ಅಧ್ಯಕ್ಷರ ಗಾಡಿಗೆ ಹೊಸ ಸೈಲೆನ್ಸರ್

ನಮ್ಮ ಭಾವ ಆದಿನಾರಾಯಣಪ್ಪನವರು ಊರಿನ ಹಾಲಿನ ಸಂಘಕ್ಕೆ ಅಧ್ಯಕ್ಷರಾದ ವರ್ಷವೇ ಅವರ ಅಂಬಾಸಿಡರ್ ಕಾರಿನ ಸೈಲೆನ್ಸರ್ ತೂತುಬಿತ್ತು. ಮೊದಲು ಎಣ್ಣೆ ಡಬ್ಬದ ತಗಡು ಸುತ್ತಿ ತಂತಿ ಬಿಗಿದರು. ತಗಡು ಉದುರಿಹೋಯಿತು, ತಂತಿ ಉಳಿಯಿತು. ಆಮೇಲೆ ದಾಬಸ್‌ಪೇಟೆಯಲ್ಲಿ ವೆಲ್ಡಿಂಗ್ ಹಾಕಿಸಿದರು. ವೆಲ್ಡಿಂಗ್ ಗಟ್ಟಿಯಾಗಿಯೇ ನಿಂತಿತು. ಅದರ ಅಕ್ಕಪಕ್ಕದ ಪೈಪು ನಿಲ್ಲಲಿಲ್ಲ. ಕೊನೆಗೆ ಭಾವ, "ಬಿಡು ರಾಮಾಂಜಿ, ಗಾಡಿ ಅಂದ್ಮೇಲೆ ಉಸಿರಾಡ್ಬೇಕು" ಎಂದು ಅದರ ತಂಟೆ ಬಿಟ್ಟರು.

ರಾಮಾಂಜಿ ಎಂದರೆ ನಾನು, ರಾಮಾಂಜಿನಪ್ಪ. ಭಾವನಿಗೆ ಕೊಟ್ಟಿರುವುದು ನಮ್ಮ ಅಕ್ಕ ಕದಿರಮ್ಮನನ್ನು, ನಾನಿರುವುದೂ ಅವರ ಮನೆಯಲ್ಲೇ. ಭಾವ ಎಲ್ಲಿಗೆ ಹೊರಟರೂ ಎಡಗಡೆ ಸೀಟಿನಲ್ಲಿ ನಾನಿರಬೇಕು. ಆ ಕಡೆಯ ಬಾಗಿಲು, ಒಳಗಿನಿಂದ ಒಬ್ಬರು ಹಿಡಿದುಕೊಂಡರಷ್ಟೇ ಮುಚ್ಚಿಕೊಂಡಿರುತ್ತಿತ್ತು.

ತ್ಯಾಮಗೊಂಡ್ಲು ಕಡೆಯಿಂದಾಗಲಿ ದೊಡ್ಡಬಳ್ಳಾಪುರದಿಂದಾಗಲಿ ನಮ್ಮೂರಿಗೆ ಕೆರೆ ಏರಿ ದಾಟಿಯೇ ಬರಬೇಕು. ಭಾವನ ಗಾಡಿ ಏರಿಯ ಆ ತುದಿಗೆ ಬಂದರೆ ಈ ತುದಿಯ ಕೊಕ್ಕರೆಗಳು ಏಳುತ್ತಿದ್ದವು. ಕೊಕ್ಕರೆಗಳ ಹಿಂದೆಯೇ ಊರು ಏಳುತ್ತಿತ್ತು. ಅರಳಿಕಟ್ಟೆಯ ಮೇಲೆ ಇಸ್ಪೀಟು ಹೋಗಿ ದಿನಪತ್ರಿಕೆ ಬರುತ್ತಿತ್ತು. ಡೇರಿಯಲ್ಲಿ ಕಾರ್ಯದರ್ಶಿ ಗೋವಿಂದರಾಜು ಹಾಲು ಪರೀಕ್ಷೆ ಮಾಡುವ ಮಿಷನ್ನಿನ ಸ್ವಿಚ್ಚು ಹಾಕುತ್ತಿದ್ದ. ಅಲ್ಲಿಯವರೆಗೂ ಅವನು ಹಾಲಿನ ಜಿಡ್ಡನ್ನು, ತಂದವರ ಮುಖ ನೋಡಿಯೇ ಹೇಳುತ್ತಿದ್ದದ್ದು. ಊರಲ್ಲಿ ಎಲ್ಲರ ಕೈಯಲ್ಲೂ ಫೋನು ಇದೆ, ಆದರೆ ಫೋನಿಗೆ ಸಿಗ್ನಲ್ ಬೇಕು, ಚಾರ್ಜು ಬೇಕು. ಭಾವನ ಸೈಲೆನ್ಸರಿಗೆ ಅದೊಂದೂ ಬೇಕಿರಲಿಲ್ಲ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನಾನು ಗಾಡಿಯೊಳಗೆ ಬಾಗಿಲು ಹಿಡಿದುಕೊಂಡಿದ್ದೆ.

ಭಾವನಿಗೆ ಕಾಣುತ್ತಿದ್ದ ಊರೇ ಬೇರೆ. ಯಾವಾಗ ಬಂದರೂ ಡೇರಿಯಲ್ಲಿ ಮಿಷನ್ನಿನ ದೀಪ ಉರಿಯುತ್ತಿತ್ತು, ಕಟ್ಟೆಯ ಮೇಲೆ ಲೋಕದ ಸಮಾಚಾರ ನಡೆಯುತ್ತಿತ್ತು, ಮನೆಯಲ್ಲಿ ಅಕ್ಕ ಒಲೆಯ ಮುಂದೆ ಕಾಫಿ ಸೋಸುತ್ತಿದ್ದಳು. "ನೋಡ್ದಾ ರಾಮಾಂಜಿ, ಊರು ಅಂದ್ರೆ ಗಡಿಯಾರ ಇದ್ದಂಗಿರಬೇಕು. ಒಂದ್ ಸಲ ಕೀ ಕೊಟ್ರೆ ಸಾಕು" ಎನ್ನುತ್ತಿದ್ದರು. ಅವರ ಕಾಲದಲ್ಲಿ ಒಂದು ಜಗಳವೂ ಅವರ ಮುಂದೆ ನ್ಯಾಯಕ್ಕೆ ಬಂದಿರಲಿಲ್ಲ. ಜನ ತಮಗೆ ಹೆದರಿ ಜಗಳವನ್ನೇ ಬಿಟ್ಟರೆಂದು ಅವರ ನಂಬಿಕೆ.

ಸಂಘಕ್ಕೆ ಮತ್ತೆ ಚುನಾವಣೆ ಬಂತು. ಭಾವ ಅಲ್ಲಿಯವರೆಗೆ ಒಂದು ಸಲವೂ ಓಟು ಕೇಳಿದವರಲ್ಲ. ಪ್ರತಿ ಸಲವೂ ಅವಿರೋಧ. ಎದುರಿಗೆ ಒಬ್ಬನೇ ಒಬ್ಬ ನಿಂತರೂ, ಗೆದ್ದರೂ ಸೋತಂತೆಯೇ ಎಂದು ಅವರ ಲೆಕ್ಕ. ಈ ಸಲ ಯಾರೋ ಯಾರನ್ನೋ ನಿಲ್ಲಿಸುತ್ತಾರಂತೆ ಎಂಬ ಗಾಳಿಸುದ್ದಿ ಬಂದದ್ದೇ ಭಾವನಿಗೆ ಅನ್ನ ಸೇರಲಿಲ್ಲ. ಸೀಮೆಹಸುಗಳ ದೊಡ್ಡ ಕೊಟ್ಟಿಗೆ ಕಟ್ಟಿರುವ ಹುಡುಗ ಅನಿಲ್‌ಕುಮಾರನ ಮೇಲೆ ಅವರ ಗುಮಾನಿ. ನಾಮಪತ್ರದ ದಿನ ಹತ್ತಿರ ಬಂತು. ನಾವು ದೊಡ್ಡಬಳ್ಳಾಪುರಕ್ಕೆ ಹೊರಟೆವು, ಅಲ್ಲಿರುವ ಸಂಘದ ಹಳಬರೊಬ್ಬರನ್ನು ಕಂಡು ಸುದ್ದಿ ತಿಳಿಯಲು.

ಪೇಟೆಯ ಬೀದಿಯಲ್ಲಿ ಒಂದು ಛತ್ರದ ಮುಂದೆ ಗಾಡಿಯ ಹೊಟ್ಟೆಯಲ್ಲಿ ಢಣ್ಣೆಂದಿತು. ಸೈಲೆನ್ಸರ್ ಒಂದು ಕಡೆ ಕಳಚಿ, ಹಳೆಯ ತಂತಿಯಲ್ಲಿ ನೇತಾಡುತ್ತ ಕಿಡಿ ಹಾರಿಸಿಕೊಂಡು ರಸ್ತೆಯಲ್ಲಿ ಎಳೆದುಕೊಂಡು ಬಂತು. ಛತ್ರದಲ್ಲಿ ಮದುವೆ. ಗಂಡಿನ ಕಡೆಯ ಓಲಗದವರು, ಇನ್ನೊಂದು ಸೆಟ್ಟು ಬಂತೆಂದುಕೊಂಡು ನುಡಿಸುವುದನ್ನು ನಿಲ್ಲಿಸಿ ನೋಡಿದರು. ಯಾರೋ ಹುಡುಗ ಕೂಗಿದ: "ತಾತ, ಗಾಡಿ ಬಾಣಂತಿ ಆಯ್ತು ನೋಡು!"

ಭಾವ ಇಳಿದು, ಹೆಗಲ ಮೇಲಿನ ಶಾಲು ಸರಿ ಮಾಡಿಕೊಂಡು, ಸೈಲೆನ್ಸರನ್ನು ಕಾಲಿನಿಂದ ಗಾಡಿಯ ಕೆಳಕ್ಕೆ ಸರಿಸಿದರು. ಅದು ಮತ್ತೆ ಹೊರಗೆ ಬಂತು.

ಮೆಕ್ಯಾನಿಕ್ ದೇವೇಂದ್ರನ ಶೆಡ್ಡಿಗೆ ನೂಕಿಸಿಕೊಂಡು ಹೋದೆವು. ಅವನು ಕೆಳಗೆ ತೂರಿ, ಬೆರಳಿನಿಂದ ಪೈಪನ್ನು ಒತ್ತಿದ. ಬೆರಳು ಒಳಕ್ಕೆ ಹೋಯಿತು.

"ಯಜಮಾನ್ರೇ, ಇದು ಪೈಪಲ್ಲ, ಹಪ್ಪಳ."

"ಒಂದು ವೆಲ್ಡಿಂಗ್ ಇಟ್ಬಿಡಪ್ಪ."

"ಎಲ್ಲಿಗ್ ಇಡ್ಲಿ? ವೆಲ್ಡಿಂಗಿಗೂ ಒಂದ್ ಕಬ್ಬಿಣ ಬೇಕಲ್ಲ. ನಿಮ್ಮ ಸೈಲೆನ್ಸರಲ್ಲಿ ಈಗ ಹಳೇ ವೆಲ್ಡಿಂಗ್ ಬಿಟ್ರೆ ಬೇರೆ ಏನೂ ಇಲ್ಲ."

ಭಾವನಿಗೆ ಮನಸ್ಸಿರಲಿಲ್ಲ. ಆದರೆ ಛತ್ರದ ಮುಂದೆ ಆದ ಮರ್ಯಾದೆ ನೆನಪಿತ್ತು. ಹೊಸ ಸೆಟ್ಟೇ ಹಾಕೆಂದರು. ಎಂಜಿನ್ನಿನ ಬುಡದ ನಟ್ಟುಗಳು ತುಕ್ಕು ಹಿಡಿದು ಪೈಪಿನ ಜೊತೆ ಒಂದಾಗಿದ್ದವು. ದೇವೇಂದ್ರ ಅವಕ್ಕೆ ಸೀಮೆಎಣ್ಣೆ ಕುಡಿಸಿದ, ಗ್ಯಾಸಿನ ಬೆಂಕಿ ಹಿಡಿದ, ಉಳಿ ಇಟ್ಟು ಹೊಡೆದ. ಒಂದೊಂದೂ ಮುರಿದುಕೊಂಡೇ ಬಂದವು. ಆಮೇಲೆ ಮುಂದಿನ ಪೈಪು, ನಡುವಿನ ಡಬ್ಬ, ಹಿಂದಿನ ಬಾಲ, ತೂಗುಹಾಕುವ ರಬ್ಬರು, ಎಲ್ಲ ಹೊಸದು. ಎಂಜಿನ್ ಸ್ಟಾರ್ಟ್ ಮಾಡಿ ದೇವೇಂದ್ರ ಕೈಕಟ್ಟಿ ನಿಂತ. ಭಾವ ಒಳಗೆ ಕೂತು ಕಾದರು.

"ಏನಪ್ಪಾ, ಸ್ಟಾರ್ಟೇ ಆಗ್ಲಿಲ್ವಲ್ಲ?"

"ಆಗಿ ಆಗ್ಲೇ ಎಷ್ಟೊತ್ತಾಯ್ತು!"

ಹೊತ್ತಾಗಿತ್ತು, ಸಂಘದ ಹಳಬರನ್ನು ಕಾಣದೆಯೇ ಊರಿಗೆ ತಿರುಗಿದೆವು. ದಾರಿಯುದ್ದಕ್ಕೂ ನನಗೆ ಭಾವನ ಉಸಿರು ಕೇಳಿಸಿತು. ಅಷ್ಟು ವರ್ಷ ಪಕ್ಕದಲ್ಲಿ ಕೂತಿದ್ದರೂ ಅವರು ಗೇರು ಬದಲಾಯಿಸುವಾಗ ದೇವರ ಹೆಸರು ಹೇಳುತ್ತಾರೆಂದು ಅವತ್ತೇ ನನಗೆ ಗೊತ್ತಾದದ್ದು.

ಏರಿ ದಾಟಿದರೆ ಊರಿನವರೆಗೂ ಇಳಿಜಾರು. ಅಲ್ಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಗಾಡಿ ಬಿಡುವುದು ಭಾವನ ಹಳೆಯ ಅಭ್ಯಾಸ. ಕೊಕ್ಕರೆಗಳು ಏಳಲಿಲ್ಲ. ಕಟ್ಟೆಯ ಮೇಲೆ ಇಸ್ಪೀಟು ನಡೆದೇ ಇತ್ತು, ಒಬ್ಬನೂ ತಲೆಯೆತ್ತಲಿಲ್ಲ. ಸಂಜೆ ಹಾಲಿನ ಹೊತ್ತು, ಡೇರಿಗೆ ಬೀಗ. ಭಾವ ನನ್ನ ಮುಖ ನೋಡಿದರು.

"ಏನೋ ಸಾವುಗೀವು ಆಗೈತೇನ್ಲಾ ಊರಲ್ಲಿ?"

ಗಾಡಿ ತಾನಾಗಿ ಉರುಳಿಕೊಂಡು ನಮ್ಮ ಮನೆಯ ಹಿಂದಿನ ಹುಲ್ಲಿನ ಬಣವೆಯ ಮರೆಗೆ ಬಂದು ನಿಂತಿತು. ಹಿತ್ತಲಿನಲ್ಲಿ ಮಾತು ಕೇಳಿಸಿತು. ಬಣವೆಯ ಸಂದಿಯಿಂದ ನೋಡಿದರೆ ಅರ್ಧ ಊರು ಅಲ್ಲೇ ಕೂತಿದೆ. ನಡುವೆ ಒರಳುಕಲ್ಲಿನ ಮೇಲೆ ಅಕ್ಕ.

ಮುದುಕಿ ಮುನಿತಾಯಮ್ಮ ಪಕ್ಕದ ಮನೆಯವರ ಕೊಟ್ಟಿಗೆ ನೀರು ತನ್ನ ಬಾಗಿಲಿಗೆ ಹರಿಯುತ್ತದೆಂದು ಗೋಳಾಡುತ್ತಿದ್ದಳು. ಅಕ್ಕ ಎರಡು ಮಾತಲ್ಲಿ ಮುಗಿಸಿದಳು: "ಅವರು ಕಾಲುವೆ ತೆಗೀಲಿ. ನೀನು ಅವರ ಕೋಳಿಗೆ ಕಲ್ಲು ಹೊಡಿಯೋದು ಬಿಡು. ಮುಂದಿಂದು ಹೇಳ್ರಪ್ಪ, ಹೊತ್ತಾಯ್ತದೆ."

ಮುಂದಿನದು ಚುನಾವಣೆ. ಅನಿಲ್‌ಕುಮಾರ ಎದ್ದು ನಿಂತ. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಅದನ್ನು ಎರಡು ಸಲ ಸರಿಮಾಡಿಕೊಂಡು, ಗಂಟಲು ದಪ್ಪ ಮಾಡಿ, "ಊರು ಅಂದ್ರೆ ಗಡಿಯಾರ ಇದ್ದಂಗಿರಬೇಕು!" ಎಂದ. ಹಿತ್ತಲಿಗೆ ಹಿತ್ತಲೇ ನಕ್ಕಿತು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಕಾರ್ಯದರ್ಶಿ ಗೋವಿಂದರಾಜು.

"ದೊಡ್ಡಮ್ಮ, ಆಟ ಸಾಕು," ಎಂದ ಅನಿಲ್. "ಈ ಸಲ ನೀನ್ ನಿಂತ್ಕೊ. ಹೆಂಗಿದ್ರೂ ಸಂಘ ನಡಸ್ತಿರೋಳು ನೀನೆ. ನಾನೇ ನಿನ್ನ ಹೆಸರು ಸೂಚಿಸ್ತೀನಿ."

"ಥೂ, ಸುಮ್ನಿರ್ಲಾ."

"ಯಾಕೆ? ದೊಡ್ಡಪ್ಪಂಗೆ ಹೆದರ್ಕೊತೀಯಾ?"

"ಹೆದರಿಕೆ ಎಲ್ ಬಂತು?" ಎಂದಳು ಅಕ್ಕ. "ಆಯಪ್ಪ ಅಧ್ಯಕ್ಷ ಆಗಿದ್ರೆ ಗಾಡಿ ಹತ್ಕೊಂಡು ಊರೂರು ಸುತ್ಕೊಂಡು ಇರ್ತಾರೆ. ನಮ್ ಕೆಲಸ ಆಯ್ತದೆ. ಅಧ್ಯಕ್ಷಗಿರಿ ಕಿತ್ಕೊಂಡು ಹಗಲೆಲ್ಲ ಮನೇಲಿ ಕೂರಿಸ್ಕೊಂಡ್ರೆ, ನೀವೆಲ್ಲ ಎಲ್ಲಿಗ್ ಬತ್ತೀರಾ? ಅವರೇ ಆಗ್ಲಿ, ಅವಿರೋಧವೇ ಆಗ್ಲಿ. ಎದುರಿಗೆ ಯಾರಾದ್ರೂ ನಿಂತೀರಾ, ಹುಷಾರ್."

ಎಲ್ಲರೂ ತಲೆಯಾಡಿಸಿದರು. ಮುನಿತಾಯಮ್ಮ ಮಾತ್ರ, "ಸದ್ದು ಕೇಳ್ಸಿದ ಕೂಡ್ಲೆ ಹೇಳ್ರವ್ವ, ನಂಗೆ ಓಡಕ್ಕಾಗಲ್ಲ" ಎಂದಳು.

ನಾನು ಭಾವನ ಕಡೆ ನೋಡಿದೆ. ಅವರ ಮದುವೆಯ ದಿನ ಧಾರೆಯ ಹೊತ್ತಿಗೆ ಪೇಟ ಜಾರಿ ಕಣ್ಣು ಮುಚ್ಚಿತ್ತು. ಆಗಲೂ ಮುಖ ಹೀಗೆಯೇ ಇತ್ತು: ಏನೂ ಕಾಣುತ್ತಿಲ್ಲ, ಕಾಣುತ್ತಿಲ್ಲವೆಂದು ಹೇಳುವ ಹಾಗೂ ಇಲ್ಲ. ಬೇಕಿದ್ದದ್ದು ಅವಿರೋಧ ಆಯ್ಕೆ. ಅದು ಕೈಗೆ ಬಂದಿತ್ತು. ಬಂದ ದಾರಿ ಮಾತ್ರ ಬಣವೆಯ ಸಂದಿಯಲ್ಲಿ ಕಂಡುಹೋಗಿತ್ತು.

ಒಳಗೆ ನುಗ್ಗಿ ಕೂಗಾಡುತ್ತಾರೆಂದುಕೊಂಡೆ. ಅವರು ನನ್ನ ತೋಳು ಹಿಡಿದು ಗಾಡಿಗೆ ಕರೆತಂದರು. "ಬಾಗ್ಲು ಮೆತ್ತಗೆ ಎಳ್ಕೊ" ಎಂದು ಪಿಸುಗುಟ್ಟಿದರು. ರಿವರ್ಸಿನಲ್ಲಿ, ಕಳ್ಳ ಬೆಕ್ಕಿನ ಹಾಗೆ, ಏರಿಯವರೆಗೂ ಹಿಂದಕ್ಕೆ ಹೋದೆವು. ಅಲ್ಲಿ ಭಾವ ಸ್ವಲ್ಪ ಹೊತ್ತು ಕೆರೆ ನೋಡಿದರು. ಆಮೇಲೆ ಹಾರ್ನಿನ ಮೇಲೆ ಅಂಗೈ ಇಟ್ಟವರು ಮನೆಯ ಬಾಗಿಲಿನವರೆಗೂ ತೆಗೆಯಲಿಲ್ಲ. ಕಟ್ಟೆಯ ಮೇಲೆ ಪತ್ರಿಕೆ ಓದುತ್ತಿದ್ದರು, ಒಬ್ಬನದು ತಲೆಕೆಳಗಾಗಿತ್ತು. ಡೇರಿಯಲ್ಲಿ ಮಿಷನ್ನು ಉರಿಯುತ್ತಿತ್ತು. ಮುನಿತಾಯಮ್ಮ ಮಾತ್ರ ಬೀದಿಯ ನಡುವೆ ಸಿಕ್ಕಿಬಿದ್ದು, "ಕೋಳಿ ಹುಡುಕ್ತಿದ್ದೆ ಕಣಪ್ಪ" ಎಂದಳು.

ಅಕ್ಕ ಕಾಫಿ ತಂದಿಟ್ಟಳು.

"ಸೈಲೆನ್ಸರ್ ಹೊಸದು ಹಾಕ್ಸಿದಂಗೈತಲ್ಲ. ಮತ್ಯಾಕೆ ಆ ಪಾಟಿ ಹಾರ್ನು?"

"ಹಸು ಅಡ್ಡ ಬಂತು."

"ಏರಿಯಿಂದ ಮನೆಗಂಟ ಒಂದೇ ಹಸುವಾ?"

ಭಾವ ಕಾಫಿ ಕುಡಿದರು. ಅಕ್ಕ ಅವರ ಶಾಲಿಗೆ ಅಂಟಿದ್ದ ಹುಲ್ಲಿನ ಕಡ್ಡಿಯನ್ನು ತೆಗೆದು, ನೋಡಿ, ಕಿಟಕಿಯಿಂದ ಹೊರಗೆ ಹಾಕಿದಳು. ನಲವತ್ತು ವರ್ಷದ ಸಂಸಾರದಲ್ಲಿ ಅವರು ಅಷ್ಟು ಹೊತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ನಾನು ಕಂಡಿರಲಿಲ್ಲ.

ನಾಮಪತ್ರದ ದಿನ ಭಾವ ಸಂಘದ ಮುಂದೆ ನಿಂತು ಶಾಲು ಸರಿ ಮಾಡಿಕೊಂಡರು. ಜನ ಗಡಿಯಾರದ ಮಾತಿಗೆ ಕಾದರು. "ನಾನು ಬಹಳ ಕಾಲದಿಂದ ಯೋಚನೆ ಮಾಡ್ತಿದ್ದೆ," ಎಂದರು ಭಾವ. "ಹಸು ಮೇಯಿಸೋರು ಹೆಣ್ಣುಮಕ್ಕಳು, ಹಾಲು ಕರಿಯೋರು ಹೆಣ್ಣುಮಕ್ಕಳು. ಗಂಡಸರು ಬರೀ ಗಾಡೀಲಿ ಓಡಾಡ್ಕೊಂಡಿದ್ರೆ ಆಯ್ತದಾ? ಈ ಊರಲ್ಲಿ ಈ ಬುದ್ಧಿ ಯಾರಿಗೂ ಹೊಳೀಲಿಲ್ಲ, ನಂಗೆ ಹೊಳೀತು. ಕದಿರಮ್ಮನ ಹೆಸರನ್ನ ನಾನೇ ಸೂಚಿಸ್ತೀನಿ. ಎದುರಿಗೆ ಯಾರಾದ್ರೂ ಅವ್ರಾ?"

ಯಾರೂ ಇರಲಿಲ್ಲ. ಮನೆಯ ಅವಿರೋಧ ಮನೆಯಲ್ಲೇ ಉಳಿಯಿತು. ಭಾವನ ದೂರದೃಷ್ಟಿಯನ್ನು ಹೊಗಳಿ ಅನಿಲ್‌ಕುಮಾರನೇ ಹಾರ ಹಾಕಿದ.

ಊರಿಗೆ ಕಷ್ಟ ಶುರುವಾದದ್ದು ಆಮೇಲೆ. ಅಧ್ಯಕ್ಷೆ ಕದಿರಮ್ಮ ಹಿಂದಿನ ಸೀಟಿನಲ್ಲಿ, ಭಾವ ಡ್ರೈವರು, ನಾನು ಬಾಗಿಲು. ಭಾವನಿಗೆ ಗಾಡಿ ಓಡಿಸುವುದೇ ಬೇಕಿತ್ತು, ಅದು ತಪ್ಪಲಿಲ್ಲ. ಮುಖ ಮೊದಲಿಗಿಂತ ತುಂಬಿಕೊಂಡಿತು. ಆದರೆ ಗಾಡಿ ಯಾವಾಗ ಎಲ್ಲಿ ಬಂದು ನಿಲ್ಲುತ್ತದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. "ಹಾರ್ನು ಹೊಡೀಬೇಡಿ, ಹಸು ಬೆದರ್ತವೆ" ಎಂದು ಅಕ್ಕನ ಕಟ್ಟಪ್ಪಣೆ. ಕಟ್ಟೆಯ ಇಸ್ಪೀಟು ನಿಂತುಹೋಯಿತು. ಡೇರಿಯ ಮಿಷನ್ನು ದಿನಾ ಉರಿಯಿತು. ಮುಖ ನೋಡಿ ಜಿಡ್ಡು ಹೇಳುವ ಕಾಲ ಹೋಗಿ ಗೋವಿಂದರಾಜು ಸೊರಗಿಹೋದ.

ಒಂದು ದಿನ ಅವನು ದೊಡ್ಡಬಳ್ಳಾಪುರಕ್ಕೆ ಹೋಗಿ ದೇವೇಂದ್ರನ ಕೈ ಹಿಡಿದುಕೊಂಡನಂತೆ. ಇದನ್ನು ನನಗೆ ಹೇಳಿದವನು ದೇವೇಂದ್ರನೇ.

"ಅಧ್ಯಕ್ಷರ ಗಾಡಿ ಸರ್ವೀಸಿಗೆ ಬಂದಾಗ ಒಂದೇ ಒಂದು ತೂತು ಹಾಕ್ಬಿಡಪ್ಪ. ಸಣ್ಣದು."

"ಹೊಸ ಪೈಪಿಗೆ ಯಾರಣ್ಣ ತೂತ್ ಹಾಕ್ತಾರೆ? ಕಾದ್ಕೊಂಡಿರು, ತಾನೇ ತುಕ್ಕು ಹಿಡೀತದೆ. ಒಂದೈದು ವರ್ಷ."

"ಅಷ್ಟೊತ್ತಿಗೆ ನಾನೇ ತುಕ್ಕು ಹಿಡೀತೀನಿ."

ಆಮೇಲಿಂದ ಗೋವಿಂದರಾಜುವಿಗೆ ಭಕ್ತಿ ಬಂತು. ಸಂಜೆಯಾದರೆ ಬಕೆಟ್ಟು ಹಿಡಿದುಕೊಂಡು ನಮ್ಮ ಹಿತ್ತಲಿಗೆ ಬಂದು, ಅಧ್ಯಕ್ಷರ ಗಾಡಿ ತೊಳೆಯತೊಡಗಿದ. ಮೇಲೆ ಒರೆಸುವುದು ಕಡಿಮೆ, ಕೆಳಗೆ ಎರಚುವುದೇ ಜಾಸ್ತಿ. "ನೋಡ್ದಾ ರಾಮಾಂಜಿ, ನಾನ್ ಅಧ್ಯಕ್ಷ ಆಗಿದ್ದಾಗ್ಲೂ ಇಂಥ ನಿಷ್ಠೆ ಇರ್ಲಿಲ್ಲ" ಎಂದರು ಭಾವ. ನಾನೂ ಹೌದೆಂದೆ.

ಒಂದು ಸಂಜೆ ನಮ್ಮ ಕೆಂದ ಹಸು ಹಗ್ಗ ಕಿತ್ತುಕೊಂಡು ಬಂದು, ಗಾಡಿಯ ಹಿಂದೆ ಮೊಣಕಾಲೂರಿ, ಸೈಲೆನ್ಸರಿನ ಬಾಲವನ್ನು ನೆಕ್ಕತೊಡಗಿತು. ಎಳೆದರೂ ಬರಲಿಲ್ಲ. ಬಾಲ ಮುಗಿಸಿ ಗೋವಿಂದರಾಜುವಿನ ಬಕೆಟ್ಟಿಗೆ ಮೂತಿ ಹಾಕಿ, ಅದನ್ನೂ ನೆಕ್ಕಿ, ಕೊನೆಗೆ ಅವನ ಅಂಗೈಯನ್ನೇ ಹಿಡಿದುಕೊಂಡಿತು. ಅಕ್ಕ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಬಂದು ಬಕೆಟ್ಟಿನಲ್ಲಿ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು.

"ಗೋವಿಂದರಾಜು, ಉಪ್ಪು ಯಾಕಪ್ಪ ದಂಡ ಮಾಡ್ತೀಯಾ? ಬರೀ ನೀರು ಹಾಕು. ಅದು ನಿಂಗೆ ಡೇರೀಲೇ ಅಭ್ಯಾಸ ಆಗೈತಲ್ಲ."

ಅವನು ಬಕೆಟ್ಟು ಅಲ್ಲೇ ಬಿಟ್ಟು ಹೋದ. ಕೆಂದ ಹಸು ಅದನ್ನು ಕೊಟ್ಟಿಗೆಯವರೆಗೂ ಮೂತಿಯಿಂದ ತಳ್ಳಿಕೊಂಡು ಬಂತು.