ನೇರಲಗೋಡು ಗೊತ್ತಿದ್ದ ಜಿಪಿಎಸ್

ಮೊದಲೆಲ್ಲ ನಮ್ಮ ಕಡೆ ದಾರಿ ಕೇಳುವುದೇ ಒಂದು ಸುಖವಾಗಿತ್ತು. ಹೊಸನಗರದ ಆಚೆ ಯಾವುದೋ ಕವಲಿನಲ್ಲಿ ಕಾರು ನಿಲ್ಲಿಸಿ ಕೇಳಿದರೆ, ಇಲ್ಲೇ ಒಂದು ಕೂಗಳತೆ ಎನ್ನುತ್ತಿದ್ದರು. ಆ ಕೂಗಳತೆ ಮೂರು ಮೈಲಿಯೂ ಆಗಬಹುದು, ನಮ್ಮವರ ಗಂಟಲು ಅಷ್ಟು ಗಟ್ಟಿ. ಯಾರ ಮನೆಗೆ, ಏನು ವಿಶೇಷ, ನೀವು ಯಾರ ಕಡೆಯವರು ಎಂದೆಲ್ಲ ವಿಚಾರಿಸಿ, ಬಾಯಲ್ಲಿದ್ದ ಕವಳ ಉಗಿದು ಬಂದು, ಆಮೇಲೆ ದಾರಿ ಹೇಳುವುದು. ಕೆಲವರು ತಾವೇ ಹಿಂದಿನ ಸೀಟಿನಲ್ಲಿ ಕೂತು ಮನೆ ಬಾಗಿಲವರೆಗೂ ಬಂದು, ಕಾಫಿ ಕುಡಿದು ಹೋಗುತ್ತಿದ್ದರು. ಆ ಕಾಲ ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಈಗ ಕೇಳೋಣವೆಂದರೆ ರಸ್ತೆಯಲ್ಲಿ ನಡೆಯುವವರೇ ಇಲ್ಲ. ಎಲ್ಲರೂ ಬೈಕಿನಲ್ಲಿ ಭರ್ರೆಂದು ಹೋಗುತ್ತಾರೆ. ಫೋನಿನ ಮ್ಯಾಪ್ ನಂಬೋಣವೆಂದರೆ ಕಾಡು ಹೊಕ್ಕ ಕೂಡಲೇ ಟವರ್ ಕೈಕೊಡುತ್ತದೆ. ನಡುದಾರಿಯಲ್ಲಿ ಪಿಳಿಪಿಳಿ ಕಣ್ಣು ಬಿಡುತ್ತ ಕೂರಬೇಕು.

ನಾನು ಹೇಮಾವತಿ. ಸಾಗರದಲ್ಲಿ ಹೆಂಗಸರಿಗೆ ಕಾರು ಕಲಿಸುತ್ತೇನೆ. ಬಾಯಿ ಸ್ವಲ್ಪ ಜೋರು. ಬ್ರೇಕು ಅಂದರೆ ಎಕ್ಸಿಲೇಟರ್ ತುಳಿಯುವವರಿಗೆ ಕಲಿಸಿ ಕಲಿಸಿ ಹಾಗಾಗಿದೆ. ಈಗ ಹೇಳಹೊರಟಿರುವುದು ನನ್ನ ಬಳಿ ಕಲಿತ ಕುಮುದಾಳ ಮನೆಯಲ್ಲಿ ನಡೆದದ್ದು. ಕಾರಿಗೆ ಜಿಪಿಎಸ್ ಕೊಳ್ಳಬೇಕೆಂದಿರುವವರು ಸ್ವಲ್ಪ ಕಿವಿಗೊಡಿ.

ಕುಮುದಾ ಸ್ವಂತ ಕಾರಿಟ್ಟುಕೊಂಡು ಬಾಡಿಗೆ ಓಡಿಸುತ್ತಾಳೆ. ಇಕ್ಕೇರಿ, ಕೆಳದಿ ನೋಡಲು ಬರುವವರು, ಮದುವೆ ಮುಂಜಿಗೆ ಹೋಗುವವರು ಅವಳನ್ನೇ ಕರೆಯುತ್ತಾರೆ. ಹೆಂಗಸು ಓಡಿಸುವ ಕಾರೇ ಎಂದು ಮೊದಮೊದಲು ಮೂಗು ಮುರಿದವರೂ ಈಗ ಅವಳು ಬಿಡುವಾಗುವ ತನಕ ಕಾಯುತ್ತಾರೆ. ಗಂಡ ಕೃಷ್ಣಕುಮಾರ್‌ಗೆ ಪೇಟೆಯಲ್ಲಿ ಟೈಲರ್ ಅಂಗಡಿ. ಮನೆಯಲ್ಲಿ ಅತ್ತೆ ಕನ್ನಮ್ಮ, ಎಪ್ಪತ್ತು ದಾಟಿದವರು. ಅತ್ತೆ ಸೊಸೆ ಜಗಳವಾಡಿದ್ದನ್ನು ನಾನು ನೋಡಿಲ್ಲ, ಇಬ್ಬರೂ ಸೇರಿ ಕೃಷ್ಣಕುಮಾರನ ಮೇಲೆ ಎಗರುವುದನ್ನು ನೋಡಿದ್ದೇನೆ.

ಕಳೆದ ವೈಶಾಖದಲ್ಲಿ ಕುಮುದಾ ಒಂದು ಮದುವೆ ಬಾಡಿಗೆಗೆ ಹೋಗಿದ್ದಳು. ಕಾರಿನಲ್ಲಿ ಇದ್ದವರು ಮದುಮಗಳ ಸೋದರಮಾವ ಮತ್ತು ಅವನ ಮನೆಯವರು. ಕೋಣಂದೂರಿನ ಹತ್ತಿರ ಹೊಸಕೊಪ್ಪ ಎಂದು ವಿಳಾಸ. ಫೋನಿನಲ್ಲಿ ಹೊಸಕೊಪ್ಪ ಎಂದು ಒತ್ತಿದಳು, ಅದು ಹೊಸನಗರ ತಾಲ್ಲೂಕಿನ ಬೇರೊಂದು ಹೊಸಕೊಪ್ಪಕ್ಕೆ ಕರೆದುಕೊಂಡು ಹೋಯಿತು. ಅಲ್ಲಿ ಮದುವೆಯೂ ಇಲ್ಲ, ಟವರೂ ಇಲ್ಲ. ಸುತ್ತಿ ಸುಳಿದು ಸರಿಯಾದ ಮನೆ ಮುಟ್ಟುವಾಗ ಧಾರೆ ಮುಗಿದು ಎರಡನೇ ಪಂಕ್ತಿ ಊಟಕ್ಕೆ ಕೂತಿತ್ತು. ಸೋದರಮಾವ ಅವಳಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಹೇಮಕ್ಕಾ ಎಂದು ನನ್ನ ಮುಂದೆ ಕಣ್ಣೊರೆಸಿಕೊಂಡಳು.

ಆಗ ನಾನೇ ಹೇಳಿದೆ, ಕಾರಿಗೇ ಒಂದು ಜಿಪಿಎಸ್ ಹಾಕಿಸು ಎಂದು. ಕನ್ನಮ್ಮ ಒಪ್ಪಲಿಲ್ಲ.

"ಇವ್ಳ ಮಾವ ಲಾರಿ ತಗಂಡು ಮಂಗಳೂರ ತನಕ ಹೋಗಿ ಬರ್ತಿದ್ರು. ಯಾವ ಮಿಷನ್ ಇತ್ತು ಅವ್ರ ಹತ್ರ? ಬಾಯಿದ್ದವ್ರು ಬರಗಾಲದಾಗೂ ಬದುಕಿದ್ರು. ಇವ್ಳಿಗೆ ಬಾಯಿಲ್ವಾ?"

"ಬಾಯಿದೆ ಅತ್ತೆ, ಕಿವಿ ಕೊಡೋರು ಬೇಕಲ್ಲ" ಎಂದಳು ಕುಮುದಾ.

ಕನ್ನಮ್ಮನಿಗೆ ಇನ್ನೊಂದು ಅನುಮಾನವಿತ್ತು. ಫೋನೇ ಕಾಡಿನಲ್ಲಿ ಸತ್ತುಹೋಗುತ್ತದೆ, ಈ ಪೆಟ್ಟಿಗೆ ಮಾತ್ರ ಹೇಗೆ ಬದುಕಿರುತ್ತದೆ ಎಂದರು. ಒಳ್ಳೆಯ ಪ್ರಶ್ನೆ. ನಾನು ಬಿಡಿಸಿ ಹೇಳಿದೆ. ಈ ಪೆಟ್ಟಿಗೆ ನಡೆಯುವುದು ಆಕಾಶದ ಉಪಗ್ರಹದಿಂದ, ಅದಕ್ಕೂ ಟವರಿಗೂ ಸಂಬಂಧವಿಲ್ಲ. ಉಪಗ್ರಹದ ಸಿಗ್ನಲ್ ಹಿಡಿದು, ನೀನು ಇರುವುದು ಈ ಜಾಗದಲ್ಲಿ ಎಂದಷ್ಟೇ ಪೆಟ್ಟಿಗೆ ಲೆಕ್ಕ ಹಾಕುತ್ತದೆ. ಆ ಜಾಗ ಯಾವ ಊರು, ಮುಂದೆ ರಸ್ತೆ ಇದೆಯೋ ಹೊಂಡ ಇದೆಯೋ ಎಂದು ಹೇಳಬೇಕಾದದ್ದು ಮ್ಯಾಪ್. ಆ ಮ್ಯಾಪ್ ಪೆಟ್ಟಿಗೆಯ ಒಳಗೇ ತುಂಬಿದ್ದರೆ ಟವರ್ ಇಲ್ಲದಿದ್ದರೂ ನಡೆಯುತ್ತದೆ. ನೆಟ್ ಇದ್ದರೆ ಮಾತ್ರ ಮ್ಯಾಪ್ ತೋರಿಸುವಂಥದ್ದು ನಮ್ಮ ಕಾಡುದಾರಿಗೆ ಪ್ರಯೋಜನವಿಲ್ಲ. ಕನ್ನಮ್ಮ ಹೂಂ ಎಂದರು. ಒಪ್ಪಿದ ಹೂಂ ಅಲ್ಲ, ನೋಡೋಣ ಎನ್ನುವ ಹೂಂ.

ಮಳೆಗಾಲ ಕಳೆದ ಮೇಲೆ ಮೂವರೂ ಕಾರಿನ ಸಾಮಾನು ಮಾರುವ ರವಿಶಂಕರನ ಅಂಗಡಿಗೆ ಹೋದೆವು. ಅವನು ಎರಡು ತೆಗೆದಿಟ್ಟ. ಒಂದು ಹೊಸತು, ಕನ್ನಡದಲ್ಲಿ ದಾರಿ ಹೇಳುವಂಥದ್ದು. ಇನ್ನೊಂದು ಎಷ್ಟೋ ವರ್ಷದಿಂದ ಗಾಜಿನ ಕಪಾಟಿನಲ್ಲಿ ಉಳಿದದ್ದು, ಬರೀ ಇಂಗ್ಲಿಷು, ಬೆಲೆ ಅರ್ಧಕ್ಕಿಂತ ಕಡಿಮೆ. ತಮಾಷೆಗೆ ಎಂಬಂತೆ ರವಿಶಂಕರ, ನಿಮ್ಮೂರು ಯಾವುದು ಅಜ್ಜಿ, ಹುಡುಕಿ ತೋರಿಸ್ತೀನಿ ಎಂದ.

ಕನ್ನಮ್ಮ ಸಾಗರ ಎನ್ನಲಿಲ್ಲ. ನೇರಲಗೋಡು ಎಂದರು.

ನೇರಲಗೋಡು ಈಗ ಇಲ್ಲ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದಾಗ ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅದೂ ಒಂದು. ಆಗ ಕನ್ನಮ್ಮ ಲಂಗ ತೊಟ್ಟ ಹುಡುಗಿ. ಹೊಸ ಜಿಪಿಎಸ್‌ನಲ್ಲಿ ಹುಡುಕಿದರೆ ಆ ಹೆಸರು ಸಿಗಲೇ ಇಲ್ಲ, ಆ ಜಾಗದಲ್ಲಿ ಬರೀ ನೀಲಿ ಬಣ್ಣ. ಹಳೆಯದರಲ್ಲಿ ಒತ್ತಿದ ಕೂಡಲೇ ಬಂತು. ಯಾವ ಪುರಾತನ ನಕ್ಷೆ ನೋಡಿ ತುಂಬಿದ್ದರೋ, ಊರಿನ ಹೆಸರು, ಅಲ್ಲಿಗೆ ಹೋಗುವ ರಸ್ತೆ, ಇಷ್ಟು ಕಿಲೋಮೀಟರ್ ಎಂಬುದು ಎಲ್ಲವೂ ಇತ್ತು. ರವಿಶಂಕರ ಹೆಸರು ಓದಿ ಹೇಳಿದಾಗ ಕನ್ನಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಆ ಗಾಜನ್ನು ಮೆಲ್ಲಗೆ ಮುಟ್ಟಿದರು.

"ಇದೇ ತಗಾ ಕುಮುದಾ" ಎಂದರು. "ಇದ್ಕೆ ನಮ್ಮೂರು ಗೊತ್ತು."

ಕುಮುದಾ ನನ್ನ ಮುಖ ನೋಡಿದಳು. ಫೋನಿನಲ್ಲಿ ಕೃಷ್ಣಕುಮಾರನನ್ನು ಕೇಳಿದರೆ, ಅಮ್ಮ ಯಾವತ್ತೂ ಏನೂ ಕೇಳಿದವಳಲ್ಲ, ಅವಳು ಹೇಳಿದ್ದೇ ತಗೋ ಎಂದುಬಿಟ್ಟ. ನನಗೆ ಉಗುಳಲೂ ಆಗದ ನುಂಗಲೂ ಆಗದ ಸ್ಥಿತಿ. ಊರು ಕಳೆದುಕೊಂಡ ಹೆಂಗಸಿಗೆ ಬೇಡ ಎನ್ನಲು ನಾಲಿಗೆ ಬರಲಿಲ್ಲ. ಹೂಂ ಎಂದರೆ, ಆ ಪೆಟ್ಟಿಗೆ ನಂಬಿ ದಿನಾ ಜನರನ್ನು ಕೂರಿಸಿಕೊಂಡು ಓಡಿಸಬೇಕಾದವಳು ಕುಮುದಾ. ಕೊನೆಗೆ, ಎರಡನ್ನೂ ಒಂದು ದಿನಕ್ಕೆ ಕೊಡು, ನಮಗೆ ಗೊತ್ತಿರುವ ದಾರಿಯಲ್ಲಿ ಓಡಿಸಿ ನೋಡಿ ತೀರ್ಮಾನ ಮಾಡುತ್ತೇವೆ ಎಂದು ರವಿಶಂಕರನಿಗೆ ಹೇಳಿದೆ. ಅವನು ಪರಿಚಯದವನು, ಕೊಟ್ಟ.

ದೀಪಾವಳಿ ಮುಗಿದ ಹೊಸತು. ಹಿನ್ನೀರು ತುಂಬಿ ನಿಂತಿತ್ತು. ಬೆಳಗ್ಗೆ ತಿಂಡಿ ಮುಗಿಸಿ ಆವಿನಹಳ್ಳಿ ದಾರಿ ಹಿಡಿದೆವು. ಮೊದಲು ಹಿನ್ನೀರಿನ ಆಚೆಯ ತುಮರಿಗೆ ಎಂದು ಎರಡರಲ್ಲೂ ಒತ್ತಿದ್ದೆವು. ಹೊಸತು ಸೀದಾ ಅಂಬಾರಗೋಡ್ಲಿನ ಹೊಸ ಸೇತುವೆಗೆ ಕರೆದುಕೊಂಡು ಹೋಯಿತು. ಹಳೆಯದು ನೀರು ದಾಟಿಸುವ ಲಾಂಚಿಗೆ ಕಾಯಿರಿ ಎಂದಿತು. ನಾವು ಸೇತುವೆ ಮೇಲೆ ಹೋಗುತ್ತಿದ್ದರೆ ಅದರ ಪರದೆಯಲ್ಲಿ ನಮ್ಮ ಕಾರು ನೀರಿನ ಮೇಲೆ ತೇಲುತ್ತಿತ್ತು. ಇರುವ ಸೇತುವೆ ಇದಕ್ಕೆ ಗೊತ್ತಿಲ್ಲ, ಇಲ್ಲದ ಊರು ಗೊತ್ತು ಎಂದು ನಾನು ಚುಚ್ಚಿದೆ. ಸೇತುವೆ ಮೊನ್ನೆ ಬಂದದ್ದು, ಅದಕ್ಕೆಂತ ಗೊತ್ತು ಪಾಪ ಎಂದು ಕನ್ನಮ್ಮ ಪೆಟ್ಟಿಗೆಯ ಪರ ವಹಿಸಿದರು.

ವಾಪಸು ಬರುವಾಗ ಅವರೇ ಕೇಳಿದರು, ಈಗ ನಮ್ಮೂರಿಗೆ ಒತ್ತು ಎಂದು. ಕುಮುದಾ ಒತ್ತಿದಳು. ಹಳೆಯದು ದೊಡ್ಡ ರಸ್ತೆ ಬಿಡಿಸಿ ಒಂದು ಮಣ್ಣು ರಸ್ತೆಗೆ ಇಳಿಸಿತು. ಇಂಗ್ಲಿಷಿನಲ್ಲಿ 'ನೆರಾಲಾಗಾಡು' ಎಂದು ಊರಿನ ಹೆಸರು ಕೊಲ್ಲುತ್ತಿತ್ತು, ಕನ್ನಮ್ಮನಿಗೆ ಅದೂ ಚಂದವೇ. ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ ಕೂತರು. ಇಲ್ಲೊಂದು ಕಟ್ಟೆ ಇತ್ತು, ಸಂತೆಯಿಂದ ಬರುವಾಗ ಹೊರೆ ಇಳಿಸಿ ಕೂರುತ್ತಿದ್ದೆವು ಎಂದರು. ಅಪ್ಪ ಮಂಡಕ್ಕಿ ಕೊಡಿಸುತ್ತಿದ್ದ, ಮನೆ ಮುಟ್ಟುವುದರೊಳಗೆ ಖಾಲಿ ಎಂದು ನಕ್ಕರು. ಅಷ್ಟು ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

ರಸ್ತೆ ಇಳಿಜಾರಾಗಿ, ತಿರುವು ಕಳೆದ ಕೂಡಲೇ ನೀರು. ಕುಮುದಾ ಬ್ರೇಕು ಹಾಕಿ ಎಂಜಿನ್ ಆಫ್ ಮಾಡಿದಳು. ರಸ್ತೆ ಎಲ್ಲಿಯೂ ಮುಗಿದಿರಲಿಲ್ಲ, ಹಾಗೆಯೇ ನೀರಿನೊಳಗೆ ಇಳಿದು ಹೋಗಿತ್ತು. ಹೊಸ ಜಿಪಿಎಸ್‌ನಲ್ಲಿ ನಮ್ಮ ಕಾರಿನ ಮುಂದೆಯೇ ನೀಲಿ. ಹಳೆಯದು ಮತ್ತೆ ಏನೋ ಹೇಳಿತು.

"ಎಂತ ಹೇಳ್ತದೆ ಅದು?" ಎಂದರು ಕನ್ನಮ್ಮ.

"ಸೀದಾ ಹೋಗು ಅಂತದೆ ಅತ್ತೆ. ಇನ್ನು ಎರಡು ಕಿಲೋಮೀಟರ್ ಅಂತೆ."

ಕನ್ನಮ್ಮ ಕಾರಿನಿಂದ ಇಳಿದು ನೀರಿನ ಅಂಚಿಗೆ ಹೋಗಿ ನಿಂತರು. ನಾವೂ ಹಿಂದೆ ಹೋದೆವು. ಆಮೇಲೆ ಮೆಲ್ಲಗೆ ಹೇಳಿದರು, ಊರು ಬಿಟ್ಟು ಹೊರಡುವ ದಿನ ಗಾಡಿ ಕಟ್ಟಿ ಅಪ್ಪ ಕೂಗುತ್ತಿದ್ದರೂ ಅವ್ವ ಬರಲಿಲ್ಲವಂತೆ. ಒಳಗೆ ನೆಲ ಸಾರಿಸುತ್ತಿದ್ದಳಂತೆ. ಮುಳುಗುವ ಮನೆಗೆ ಯಾಕೆ ಎಂದು ಅಪ್ಪ ಗದರಿದರೆ, ಕಸ ಬಿಟ್ಟು ಹೋಗಬಾರದು ಎಂದಳಂತೆ. ನನಗೆ ಕಣ್ಣು ತುಂಬಿ ಬಂತು. ಕುಮುದಾ ಅತ್ತೆಯ ತೋಳು ಹಿಡಿದುಕೊಂಡಳು.

"ಇದೂ ನನ್ನಂಗೇ ಮುದುಕಿ" ಎಂದರು ಕನ್ನಮ್ಮ, ಕಾರಿನ ಕಡೆ ಕೈ ತೋರಿಸಿ. "ನೀರು ಬಂದಿದ್ದೇ ಗೊತ್ತಾಗ್ಲಿಲ್ಲ ಇದ್ಕೆ." ನನ್ನ ಕಡೆ ತಿರುಗಿ ಕೇಳಿದರು. "ಹೇಮಾ, ಮಳೆಗಾಲದಾಗೆ ಮಂಜು ಬಿದ್ದಿರ್ತದೆ. ಗುರುತಿಲ್ಲದ ದಾರಿಯಾಗೆ ಇದು ಸೀದಾ ಹೋಗು ಅಂದ್ರೆ ಇವ್ಳು ಹೋಗ್ತಿದ್ಲಾ?"

ನಾನು ಸುಳ್ಳು ಹೇಳಲಿಲ್ಲ. ಯಂತ್ರ ಏನೇ ಹೇಳಲಿ, ರಸ್ತೆ ಕಾಣದಿದ್ದರೆ ನಿಲ್ಲಿಸಬೇಕು, ಕಣ್ಣೇ ಮೊದಲು ಎಂದು ನಾನು ಎಲ್ಲರಿಗೂ ಕಲಿಸುತ್ತೇನೆ. ಆದರೆ ಸುಸ್ತಾದಾಗ, ಬಾಡಿಗೆಯವರು ಅವಸರ ಮಾಡುವಾಗ, ಯಾರಾದರೂ ಹೋಗಿಬಿಡಬಹುದು ಎಂದೆ.

"ಊರಂತೂ ಹೋತು" ಎಂದರು ಕನ್ನಮ್ಮ. "ಸೊಸೆನೂ ನೀರಿಗೆ ಕಳಸ್ಲಾ ನಾನು? ಬ್ಯಾಡ ಮಾರಾಯ್ತಿ. ಅಂಗಡಿಗೆ ವಾಪಸ್ ಕೊಡು ಇದನ್ನ."

ಅವತ್ತೇ ಹೊಸತನ್ನು ಕೊಂಡೆವು. ಈಗ ಕನ್ನಮ್ಮನದೇ ತಪಾಸಣೆ. ಇದಕ್ಕೆ ಹೊಸ ಮ್ಯಾಪ್ ಯಾವಾಗ ಯಾವಾಗ ಬರುತ್ತದೆ, ಪುಕ್ಕಟೆಯೋ ಕಾಸು ಕೊಡಬೇಕೋ, ಎಷ್ಟು ವರ್ಷದ ತನಕ ಎಂದು ರವಿಶಂಕರನನ್ನು ನಿಲ್ಲಿಸಿ ಕೇಳಿದರು. ಬಿಲ್ಲಿನ ಮೇಲೆಯೇ ಬರೆಸಿಕೊಂಡೆವು, ಗ್ಯಾರಂಟಿ ಸಮೇತ. ಮನೆಯ ವೈಫೈಯಲ್ಲಿ ಮ್ಯಾಪ್ ಹೊಸತು ಮಾಡುವುದು ಹೇಗೆಂದು ಅವನು ಕುಮುದಾಳ ಕೈಯಲ್ಲೇ ಮಾಡಿಸಿದ. ಬಿಸಿಲಿಗೆ ಹಿಡಿದು ಅಕ್ಷರ ಕಾಣುತ್ತದೆಯೇ ನೋಡಿದೆವು, ಗಾಜು ಇಳಿಸಿ ದನಿ ಕೇಳುತ್ತದೆಯೇ ನೋಡಿದೆವು. ಚಂದ ಕಾಣಲಿ ಎಂದು ರವಿಶಂಕರ ಅದನ್ನು ಮುಂದಿನ ಗಾಜಿನ ನಟ್ಟನಡುವೆ ಅಂಟಿಸಹೊರಟಿದ್ದ. ರಸ್ತೆ ನಿನ್ನ ಅಜ್ಜ ನೋಡುತ್ತಾನಾ ಎಂದು ಗದರಿ, ನೋಟಕ್ಕೆ ಅಡ್ಡ ಬಾರದಂತೆ ಕೆಳಗೆ ಹಾಕಿಸಿದೆ. ಕುಮುದಾ ಈಗ ಊರಿನ ಹೆಸರಿನ ಜತೆ ತಾಲ್ಲೂಕನ್ನೂ ನೋಡಿಕೊಂಡು, ಹೊರಡುವ ಮೊದಲೇ ಒತ್ತಿಡುತ್ತಾಳೆ. ಓಡಿಸುವಾಗ ಮುಟ್ಟುವುದಿಲ್ಲ.

ಅಂಗಡಿಯಲ್ಲಿ ಅವಳು ಇನ್ನೊಂದು ವಿಷಯ ಗುಟ್ಟಾಗಿ ಕೇಳಿಕೊಂಡಿದ್ದಳು, ನಮಗೆ ಬೇಕಾದ ಜಾಗಕ್ಕೆ ನಾವೇ ಹೆಸರು ಕೊಟ್ಟು ಗುರುತು ಹಾಕಲು ಬರುತ್ತದೆಯೇ ಎಂದು. ಬರುತ್ತಿತ್ತು. ಮುಂದಿನ ವಾರ ತುಮರಿ ಬಾಡಿಗೆ ಮುಗಿಸಿ ಬರುವಾಗ ಒಬ್ಬಳೇ ಆ ದಡಕ್ಕೆ ಹೋಗಿ, ನೀರಿನಿಂದ ಸಾಕಷ್ಟು ಹಿಂದೆ ಗಟ್ಟಿ ನೆಲದ ಮೇಲೆ ಕಾರು ನಿಲ್ಲಿಸಿ, ಗುರುತು ಹಾಕಿ ಬಂದಿದ್ದಳು. ಭಾನುವಾರ ಅತ್ತೆಯನ್ನೂ ನನ್ನನ್ನೂ ಕೂರಿಸಿಕೊಂಡು ಹೊರಟಳು. ಎಲ್ಲಿಗೆಂದು ಹೇಳಲಿಲ್ಲ. ಜಿಪಿಎಸ್ ಕನ್ನಡದಲ್ಲಿ ಎಡ ಬಲ ಹೇಳುತ್ತ ಬಂತು. ದಡದ ಹತ್ತಿರ ಕಾರು ನಿಂತಾಗ, ನೀವು ನೇರಲಗೋಡು ತಲುಪಿದ್ದೀರಿ ಎಂದಿತು.

ಕನ್ನಮ್ಮ ಬಾಯಿಗೆ ಸೆರಗು ಹಿಡಿದು ಕೂತರು. ಆಮೇಲೆ ಇಷ್ಟೇ ಹೇಳಿದರು.

"ಇನ್ನೊಂದ್ಸಲ ಹೇಳ್ಸೇ."

ಕುಮುದಾ ಕಾರನ್ನು ಹಿಂದಕ್ಕೆ ತಿರುವಿನ ತನಕ ತೆಗೆದುಕೊಂಡು ಹೋಗಿ, ಮತ್ತೆ ಬಂದಳು.

ಓದಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮನ್ನು ನಾನು ಕೇಳಿಕೊಳ್ಳುವುದು ಇಷ್ಟೇ. ಕಡಿಮೆ ಬೆಲೆ ಎಂದೋ, ಮನಸ್ಸಿಗೆ ಹತ್ತಿರ ಎಂದೋ ದಾರಿ ತೋರಿಸುವ ಯಂತ್ರವನ್ನು ಆರಿಸಬೇಡಿ. ಗೊತ್ತಿರುವ ದಾರಿಯಲ್ಲಿ ಒಮ್ಮೆ ಓಡಿಸಿ ನೋಡಿ. ಟವರ್ ಇಲ್ಲದ ಕಡೆಯೂ ನಡೆಯುತ್ತದೆಯೇ, ಮ್ಯಾಪ್ ಯಾವ ವರ್ಷದ್ದು ಎಂದು ಬಾಯಿಬಿಟ್ಟು ಕೇಳಿ, ನಮಗೆ ಬಾಯಿ ಇರುವುದು ಅದಕ್ಕೇ. ಹಳೆಯ ಊರು ನಮ್ಮ ನೆನಪಿನಲ್ಲಿರಲಿ, ಯಂತ್ರದಲ್ಲಿ ಈಗಿನ ರಸ್ತೆ ಇರಲಿ. ಮನೆಯಲ್ಲಿ ನಿಮಗಾಗಿ ಕಾಯುವವರು ಇದ್ದಾರೆ.