ಸಣ್ಣವ್ವನ ಮೂರು ಬುಟ್ಟಿ ಅಳು

ಬ್ರಿಟಿಷರ ವಿರುದ್ಧ ನರಗುಂದದಲ್ಲೆದ್ದ ಬಂಡಾಯಕ್ಕೆ ಒಂದೆರಡು ವರ್ಷ ಮೊದಲು ಗಜೇಂದ್ರಗಡದಲ್ಲಿ ಸಣ್ಣವ್ವನೆಂಬ ಹೆಂಗಸು ಹೆಣದ ಮುಂದೆ ಹಾಡಿ ಅಳುವ ಕಸುಬು ಮಾಡುತ್ತಿದ್ದಳು. ಮುಶಿಗೇರಿಯವರು ಆಕೆ ತಮ್ಮೂರಿನವಳೆನ್ನುತ್ತಾರೆ. ಏನು ಹಾಡಬೇಕು, ಎಷ್ಟು ಜೋಳ ಕೊಡಬೇಕು ಎಂದು ಸತ್ತವರ ಮನೆಯವರು ಚೌಕಾಸಿಗೆ ಕೂತು, ಕೊನೆಗೆ ಹಾಡಿಲ್ಲದೆಯೇ ಹೆಣ ಎತ್ತುತ್ತಿದ್ದರು. ಸಣ್ಣವ್ವನ ಒಲೆ ಉರಿಯದ ದಿನಗಳು ಹೆಚ್ಚಿದವು.

ಆಗ ಆಕೆ ಮನೆಯ ಕಟ್ಟೆಯ ಮೇಲೆ ಮೂರು ಬುಟ್ಟಿಗಳನ್ನು ಸಾಲಾಗಿಟ್ಟಳು. ಸಣ್ಣ ಬುಟ್ಟಿ ತುಂಬ ಜೋಳ ಕೊಟ್ಟರೆ ಸತ್ತವರ ಹೆಸರು, ಮನೆತನ ಹಾಡುವಳು. ನಡುವಿನದಕ್ಕೆ ಅವರ ದುಡಿಮೆಯೂ ಸೇರಿತು. ದೊಡ್ಡದಕ್ಕೆ ದಾನಧರ್ಮವೆಲ್ಲ, ಹೆಣ ಎತ್ತುವವರೆಗೆ. ಜನ ಬಂದು, ಬೆರಳು ತೋರಿಸಿ, ಹೋಗತೊಡಗಿದರು. ಎಲ್ಲರೂ ತೋರಿಸಿದ್ದು ನಡುವಿನದನ್ನು.

ದೊಡ್ಡದನ್ನು ಮೊದಲು ತೋರಿಸಿದವನು ಸಾವುಕಾರ ಮಹಾಲಿಂಗಪ್ಪ. ಅವನ ತಂದೆ ಅಂದಾನಪ್ಪ ಆ ಬೆಳಿಗ್ಗೆ ತೀರಿಕೊಂಡಿದ್ದ.

"ದೊಡ್ಡದಕ್ಕ ದಾನಧರ್ಮದ ಸುದ್ದಿ ಬೇಕಾಕ್ಕತ್ರಿ, ಸಾವಕಾರ್ರ."

"ಅದನ್ನೂ ನಾನ ಹೇಳಬೇಕೇನವಾ? ಮತ್ತ ಜ್ವಾಳ ಯಾತಕ್ಕ?"

ಆ ಸೀಮೆಯ ಪದ್ಧತಿಯೊಂದಿತ್ತು. ಒಂದೊಂದು ಸೊಲ್ಲಿಗೂ ಸುತ್ತ ಕೂತ ಹೆಂಗಸರು 'ಹೌದವ್ವಾ' ಎನ್ನಬೇಕು. ಎನ್ನದಿದ್ದರೆ ಮುಂದಿನ ಸೊಲ್ಲಿಲ್ಲ. ಹಾಡು ನಡುವೆ ನಿಂತರೆ ಕೂಲಿಯಿಲ್ಲ, ಮತ್ತೆ ಯಾರೂ ಕರೆಯುವುದೂ ಇಲ್ಲ.

ಸಾವುಕಾರರ ಮನೆಯೊಳಗೆ, ಅಂದಾನಪ್ಪನ ಹೆಣದ ಮುಂದೆ, ಹೆಸರು, ಮನೆತನ, ದುಡಿಮೆ ಸಲೀಸಾಗಿ ದಾಟಿದವು.

"ಹಸದು ಬಂದವರಿಗೆ ಉಣ್ಣಾಕ ಇಕ್ಕಿದಿ, ನನ್ನಪ್ಪಾ..."

ಯಾರೂ ಬಾಯಿ ತೆರೆಯಲಿಲ್ಲ. ನೆರೆಮನೆಯ ಅಡಿವೆವ್ವ ಸೆರಗು ಸರಿಪಡಿಸಿಕೊಂಡಳು. "ಯಾವಾಗಬೇ?" ಎಂದು ಮೆಲ್ಲಗೆ ಕೇಳಿದಳು.

ಸಣ್ಣವ್ವ ಮೂಗು ಒರೆಸಿಕೊಂಡು, ರಾಗ ಬದಲಿಸದೆ ಮುಂದುವರಿದಳು:

"ಹಸದು ಬಂದವರನ್ನ ನಾಯಿ ಬಿಟ್ಟು ಓಡಿಸಿದಿ, ನನ್ನಪ್ಪಾ..."

"ಹೌದವ್ವಾ!"

"ಕಾಳು ಅಳೆಯೂ ಸೇರಿನ ತಳಕ್ಕ ಮೇಣ ಮೆತ್ತಿದಿ, ನನ್ನಪ್ಪಾ..."

"ಹೌದವ್ವಾ, ಹೌದು!" ಎಂದು ಅಡಿವೆವ್ವ ಎದೆ ಬಡಿದುಕೊಂಡಳು. ಹಿಂದೆ ಕೂತವರು ಮುಂದೆ ಸರಿದರು. ಸೊಲ್ಲಿಗೆ ಬರವೇ ಬರಲಿಲ್ಲ. ಹೆಣ ಎತ್ತುವವರೆಗೂ ಹಾಡು ನಡೆಯಿತು.

ಬೀದಿಯಲ್ಲಿ ಹಲಗೆ ಬಾರಿಸುತ್ತಿದ್ದುದರಿಂದ ಹೊರಗೆ ನಿಂತ ಗಂಡಸರಿಗೆ 'ಹೌದು' ಎಂಬುದಷ್ಟೇ ಕೇಳಿಸಿತ್ತು. ಮಣ್ಣು ಮಾಡಿ ಬಂದ ಮಹಾಲಿಂಗಪ್ಪ ದೊಡ್ಡ ಬುಟ್ಟಿಯನ್ನು ತಾನೇ ಜೋಳದಿಂದ ತುಂಬಿದ. ಕಣ್ಣು ಒದ್ದೆಯಾಗಿದ್ದವು.

"ನಮ್ಮ ಅಜ್ಜ ಹೋದಾಗೂ ಇಷ್ಟ ಹೌದು ಬಿದ್ದಿರಲಿಲ್ಲ ನೋಡವಾ. ನನ್ನ ಸಲುವಾಗೂ ದೊಡ್ಡದ ಹಿಡದಿಡು."

"ಆತ್ರಿ ಸಾವಕಾರ್ರ," ಎಂದಳು ಸಣ್ಣವ್ವ. "ನಿಮ್ಮ ಸುದ್ದಿ ನಾ ಹುಡಕೂದ ಬ್ಯಾಡ. ಮಂದಿಗೆ ಬಾಯಿಪಾಠ ಐತಿ."